ಕೇಸು ‘ಇನ್‌ಫ್ರಕ್ಚುವಸ್’ ಆಯ್ತಂತೆ, ಹಾಗಂದ್ರೆ ಸೋತ ಹಾಗಾ?

ಇ-ಕೋರ್ಟ್ಸ್ ಆ್ಯಪ್ ಬಂದಮೇಲೆ ಕಕ್ಷಿದಾರರು ತಮ್ಮ ಕೇಸಿನ ಸ್ಥಿತಿಯನ್ನು ತಾವೇ ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ತೋಟದಲ್ಲಿ ಸಿಗ್ನಲ್ ಸಿಗದಿದ್ದರೆ ಗುಡ್ಡ ಹತ್ತಿಯಾದರೂ ನೋಡುತ್ತಾರೆ. ಮುಂದಿನ ವಾಯಿದೆ ಯಾವತ್ತು, ಸಾಕ್ಷಿಗೆ ಇಟ್ಟಿದ್ದಾರೋ ವಾದಕ್ಕೆ ಇಟ್ಟಿದ್ದಾರೋ ಅನ್ನುವುದು ಗೊತ್ತಾಗುತ್ತದೆ. ಆದರೆ ಒಂದು ದಿನ ‘ಡಿಸ್‌ಮಿಸ್ಡ್ ಆ್ಯಸ್ ಇನ್‌ಫ್ರಕ್ಚುವಸ್’ ಅಂತ ಬಂದುಬಿಟ್ಟರೆ ಗಾಬರಿ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿಗೆ ಹಾಕಿ, ಅದರ ಹಿಂದೆಯೇ ಫೋನು: “ಮೇಡಂ, ಸೋತ್ವಾ?”

ತೀರ್ಥಹಳ್ಳಿ ಕಡೆ ಇದ್ದುಕೊಂಡು ಸಿವಿಲ್ ಕೇಸು ನಡೆಸುವವಳು ನಾನು. ಜಮೀನು, ದಾರಿ, ನೀರು, ಪಾಲು, ಬಗರ್‌ಹುಕುಂ (ಸರ್ಕಾರಿ ಜಮೀನಿನಲ್ಲಿ ಮಂಜೂರಾತಿ ಇಲ್ಲದೆ ಮಾಡಿದ ಸಾಗುವಳಿ), ಇವೇ ನನ್ನ ದಿನದ ಕೆಲಸ. ಈ ಒಂದು ಪದವನ್ನು ಸರಿಯಾಗಿ ತಿಳಿದುಕೊಳ್ಳದೆ ಜನ ಕೈಯಲ್ಲಿದ್ದ ಹಕ್ಕನ್ನು ಬಿಟ್ಟುಕೊಡುವುದನ್ನು ನೋಡಿ ನೋಡಿ ಸಂಕಟವಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಲ್ಯಾಟಿನ್ನಿನಲ್ಲಿ ಹಣ್ಣಿಗೆ, ಫಲಕ್ಕೆ ‘ಫ್ರುಕ್ಟಸ್’ ಅನ್ನುತ್ತಾರೆ. ಪದ ಹುಟ್ಟಿದ್ದು ಅಲ್ಲಿಂದ. ಮಾಡಿದ ಪ್ರಯತ್ನ ಫಲ ಕೊಡಲಿಲ್ಲ ಅನ್ನುವುದು ಇದರ ನಿಘಂಟಿನ ಅರ್ಥ. ನಮ್ಮ ಕನ್ನಡ ಆದೇಶಗಳಲ್ಲಿ ‘ನಿಷ್ಫಲ’, ‘ಫಲರಹಿತ’ ಎಂದು ಬರೆಯುತ್ತಾರೆ. ಇಂಗ್ಲಿಷ್ ಮಾತಾಡುವ ಬೇರೆ ದೇಶಗಳಲ್ಲಿ ಈ ಪದ ಕೇಳಿಬರುವುದು ಅಪರೂಪ. ಅಮೆರಿಕದ ಕೋರ್ಟುಗಳು ಇಂಥ ಕಡೆ ‘ಮೂಟ್’ ಅನ್ನುತ್ತವೆ, ಇಂಗ್ಲೆಂಡಿನವು ‘ಅಕಾಡೆಮಿಕ್’ ಅನ್ನುತ್ತವೆ. ನಮ್ಮಲ್ಲಿ ಮಾತ್ರ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಇದು ದಿನಬಳಕೆಯ ಪದ. ಸರ್ಕಾರಿ ಲೆಕ್ಕಪರಿಶೋಧನೆಯವರೂ ಇದನ್ನೇ ಬಳಸುತ್ತಾರೆ. ಟ್ಯಾಂಕು ಕಟ್ಟಿ ಪೈಪು ಎಳೆಯದೆ ಬಿಟ್ಟರೆ ಅದು ಅವರ ವರದಿಯಲ್ಲಿ ‘ನಿಷ್ಫಲ ವೆಚ್ಚ’.

ಕೋರ್ಟಿನಲ್ಲಿ ಇದರ ಅರ್ಥ ಸ್ವಲ್ಪ ಬೇರೆ. ನೀವು ಕೇಳಿಕೊಂಡ ಪರಿಹಾರವನ್ನು ಈಗ ಕೊಟ್ಟರೂ ಪ್ರಯೋಜನವಿಲ್ಲ, ಅಥವಾ ಕೊಡಲು ಏನೂ ಉಳಿದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಪರೀಕ್ಷೆ ಮುಗಿದುಹೋಗಿದೆ, ಬಂಧನದಲ್ಲಿದ್ದವನು ಹೊರಗೆ ಬಂದಿದ್ದಾನೆ, ಪ್ರಶ್ನಿಸಿದ ಆದೇಶವನ್ನು ಸರ್ಕಾರವೇ ಹಿಂದಕ್ಕೆ ತೆಗೆದುಕೊಂಡಿದೆ, ನಿರೀಕ್ಷಣಾ ಜಾಮೀನು ಕೇಳಿದವನನ್ನು ಪೊಲೀಸರು ಆಗಲೇ ಹಿಡಿದಿದ್ದಾರೆ. ಇಂಥ ಕಡೆಯೆಲ್ಲ ಅರ್ಜಿ ನಿಷ್ಫಲ. ನೀವು ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ನ್ಯಾಯಾಧೀಶರು ಮುಟ್ಟಿಯೇ ಇರುವುದಿಲ್ಲ. ಎದುರಿನವನು ಗೆದ್ದ ಎಂದೂ ಅದರಲ್ಲಿ ಬರೆದಿರುವುದಿಲ್ಲ. ಆದರೂ ಊರಲ್ಲಿ ಅವನು “ಕೇಸು ವಜಾ ಆಯ್ತು” ಅಂತ ಹೇಳಿಕೊಂಡು ತಿರುಗುತ್ತಾನೆ, ನಮ್ಮವರು ತಲೆ ತಗ್ಗಿಸುತ್ತಾರೆ.

ವಜಾ ಆಗುವುದರಲ್ಲೇ ಎಷ್ಟೊಂದು ಬಗೆ ಇದೆ. ವಾಯಿದೆಯ ದಿನ ವಾದಿ ಹಾಜರಾಗದೆ ವಜಾ ಆದರೆ ಅದು ಗೈರುಹಾಜರಿಯ ವಜಾ. 30 ದಿನದೊಳಗೆ ಸರಿಯಾದ ಕಾರಣ ಕೊಟ್ಟು ಕೇಸನ್ನು ಮತ್ತೆ ಕಡತಕ್ಕೆ ತರಬಹುದು. ಪಕ್ಷಗಾರರಲ್ಲಿ ಒಬ್ಬರು ತೀರಿಕೊಂಡು 90 ದಿನದೊಳಗೆ ವಾರಸುದಾರರನ್ನು ಸೇರಿಸದಿದ್ದರೆ ದಾವೆ ‘ಅಬೇಟ್’ ಆಗುತ್ತದೆ, ಅಂದರೆ ತಾನಾಗಿಯೇ ಬಿದ್ದುಹೋಗುತ್ತದೆ, ಅದಕ್ಕೆ ಬೇರೆ ಮದ್ದು. ವಾದಿಯೇ ವಾಪಸ್ ತೆಗೆದುಕೊಂಡರೆ, ಹೊಸ ದಾವೆ ಹೂಡಲು ಅನುಮತಿ ಕೇಳಿ ಪಡೆದಿದ್ದಾನೋ ಇಲ್ಲವೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದಲ್ಲಿ (ಸಂಹಿತೆಯ ನಿಯಮಗಳ ಅಧ್ಯಾಯಗಳಿಗೂ ‘ಆದೇಶ’ ಎಂದೇ ಹೆಸರು) ಅದು ಸ್ಪಷ್ಟವಾಗಿದೆ. ಸಾಕ್ಷಿ ಕೇಳಿ, ವಾದ ಕೇಳಿ, ನಿಮಗೆ ಹಕ್ಕಿಲ್ಲ ಎಂದು ವಜಾ ಮಾಡಿದರೆ ಮಾತ್ರ ಅದು ಸೋಲು. ಇವನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಬೇಡಿ.

ನಮ್ಮ ಕಡೆ ಕೇಸು ಹೇಗೆ ನಿಷ್ಫಲದ ಅಂಚಿಗೆ ಬಂದು ನಿಲ್ಲುತ್ತದೆ ಅನ್ನುವುದಕ್ಕೆ ಒಂದು ದಾರಿಯ ಕೇಸು ಹೇಳುತ್ತೇನೆ.

ಆಗುಂಬೆ ಕಡೆಯ ಒಂದು ಊರು. ವಯಸ್ಸಾದ ಗೌಡರೊಬ್ಬರಿಗೆ ಕಣಿವೆಯಲ್ಲಿ ಅಡಿಕೆ ತೋಟ. ತೋಟಕ್ಕೆ ಇಳಿಯುವ ಕಾಲುದಾರಿ ದಾಯಾದಿಯ ಜಾಗದ ಅಂಚಿನಲ್ಲಿ, ಧರೆಯ ಬುಡದಲ್ಲೇ ಹೋಗುತ್ತದೆ. ಗೊಬ್ಬರ ಹೊರುವುದು, ಕೊನೆ ಕೊಯ್ದು ತರುವುದು, ಮಳೆಗಾಲದಲ್ಲಿ ಔಷಧಿ ಹೊಡೆಯಲು ಪಂಪು ಇಳಿಸುವುದು, ಎಲ್ಲ ಅದೇ ದಾರಿಯಲ್ಲಿ. ದಾಯಾದಿಗೂ ಇವರಿಗೂ ಮಾತು ಬಿಟ್ಟುಹೋಯಿತು. ದಾರಿಗೆ ಅಡ್ಡ ಅಗಳ (ಕಂದಕ) ಹೊಡೆಸುತ್ತೇನೆ ಎಂದು ಅವನು ಹೇಳಿದ. ಇವರು ದಾವೆ ಹಾಕಿದರು: ದಾರಿಗೆ ಅಡ್ಡಿ ಮಾಡದಂತೆ ಶಾಶ್ವತ ನಿರ್ಬಂಧಕಾಜ್ಞೆ ಬೇಕು.

ಸಮನ್ಸ್ ಒಯ್ದಾಗಲೆಲ್ಲ ಪ್ರತಿವಾದಿಯ ಮನೆಗೆ ಬೀಗ. ಆಮೇಲೆ ವಕಾಲತ್ತು ಹಾಕಿ ಆಕ್ಷೇಪಣೆಗೆ ಕಾಲಾವಕಾಶ ಕೇಳಿದರು. ಅಷ್ಟರಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ರಜಾ ದಿನ ನೋಡಿಕೊಂಡು ಜೆಸಿಬಿ ತಂದು, ಆಳಿನ ಎತ್ತರಕ್ಕೆ ಅಗಳ ತೆಗೆಸಿ, ಈಚೆ ದಡದಲ್ಲಿ ಸಿಮೆಂಟು ಕಂಬ ನೆಟ್ಟು ತಂತಿ ಬಿಗಿಸಿದರು. ಮುಂದಿನ ವಾಯಿದೆಗೆ ಅವರ ಕಡೆಯಿಂದ ಒಂದು ಮೆಮೊ ಬಂತು. ಅದರಲ್ಲಿದ್ದದ್ದು ಇಷ್ಟೇ: ಅಗಳದ ಕೆಲಸ ಪೂರ್ತಿಯಾಗಿದೆ, ತಡೆಯುವುದಕ್ಕೆ ಏನೂ ಉಳಿದಿಲ್ಲ, ಆದ್ದರಿಂದ ದಾವೆ ನಿಷ್ಫಲ, ವಜಾ ಮಾಡಬೇಕು.

ಗೌಡರು ಹೊರಗೆ ವರಾಂಡದಲ್ಲಿ ನಿಂತು ಕೇಳಿದರು, “ಅಗಳ ತೆಗ್ದಾಯ್ತಲ್ಲಮ್ಮ, ಇನ್ನೆಂಥ ಕೇಸು?”

“ಗೌಡ್ರೇ, ಅಗಳ ತೆಗೆದದ್ದು ಅವರು. ತೆಗೆಯೋಕೆ ಹಕ್ಕಿತ್ತಾ ಅನ್ನೋದನ್ನ ಕೋರ್ಟು ಇನ್ನೂ ಹೇಳಿಲ್ಲ” ಅಂದೆ.

ಅಡಿಕೆ ಬೆಳೆಯುವವರಿಗೆ ಇದರ ಬಿಸಿ ಬೇಗ ಗೊತ್ತಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಮಾಡಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ, ಅದಾಗಿ 40–45 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ದಾರಿ ಮುಚ್ಚಿದರೆ ಪಂಪು ಇಳಿಯುವುದಿಲ್ಲ, ಕೊನೆಗಾರ ಬರುವುದಿಲ್ಲ, ಕೊಳೆರೋಗ ಕಾಯುವುದಿಲ್ಲ. ಆ ವರ್ಷ ಗೌಡರ ತೋಟದ ಎಳೆಗಾಯಿ ಮರದ ಬುಡದಲ್ಲಿ ರಾಶಿ ಬಿತ್ತು. ಕೋರ್ಟಿನ ಕ್ಯಾಲೆಂಡರಿಗೂ ತೋಟದ ಕ್ಯಾಲೆಂಡರಿಗೂ ಹೊಂದಾಣಿಕೆಯಿಲ್ಲ. ಕೆಲಸ ಮುಗಿಸಿಬಿಟ್ಟವನಿಗೆ ಅದೇ ಲಾಭ.

ಇಂಥ ಹೊತ್ತಿನಲ್ಲಿ ಕಾನೂನಿನಲ್ಲಿ ದಾರಿ ಇದೆ, ಅದನ್ನು ಬಹಳ ಜನ ಬಳಸುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 38ನೇ ಕಲಂ ‘ಮಾಡಬೇಡ’ ಎನ್ನುವ ಆಜ್ಞೆಗೆ. ಅದರ ಪಕ್ಕದಲ್ಲೇ ಇರುವ 39ನೇ ಕಲಂ ‘ಮಾಡಿದ್ದನ್ನು ತೆಗೆ, ಮೊದಲಿನಂತೆ ಮಾಡು’ ಎನ್ನುವ ಆಜ್ಞೆಗೆ, ಅಂದರೆ ಮ್ಯಾಂಡೇಟರಿ ಇಂಜಂಕ್ಷನ್‌ಗೆ. ಅಗಳ ತೆಗೆದಾಯಿತು ಅಂದರೆ 38ರ ಕೋರಿಕೆ ಬಡವಾಯಿತು, ಆದರೆ 39ರ ಕೋರಿಕೆ ಹುಟ್ಟಿದ್ದೇ ಆವತ್ತು. ಮಾಡಬೇಕಾದ್ದು ಇಷ್ಟು: ಸಂಹಿತೆಯ 6ನೇ ಆದೇಶದ 17ನೇ ನಿಯಮದ ಕೆಳಗೆ ತಿದ್ದುಪಡಿ ಅರ್ಜಿ ಹಾಕಿ, ನಡೆದದ್ದನ್ನು ದಾವಾಪತ್ರಕ್ಕೆ ಸೇರಿಸಿ, ಅಗಳ ಮುಚ್ಚಿಸಿ ದಾರಿ ಬಿಡಿಸಿಕೊಡಿ ಎಂದು ಕೇಳುವುದು. 2002ರ ತಿದ್ದುಪಡಿ ಆದಮೇಲೆ ವಿಚಾರಣೆ ಶುರುವಾದ ನಂತರ ದಾವಾಪತ್ರ ತಿದ್ದುವುದು ಕಷ್ಟ. ಸಾಕಷ್ಟು ಶ್ರದ್ಧೆ ವಹಿಸಿದ್ದರೂ ಮೊದಲೇ ಈ ಸಂಗತಿಯನ್ನು ಎತ್ತಲು ಆಗುತ್ತಿರಲಿಲ್ಲ ಎಂದು ತೋರಿಸಬೇಕು. ದಾವೆ ಹೂಡಿದ ಮೇಲೆ ನಡೆದ ಸಂಗತಿಯಾದರೆ ಅದನ್ನು ತೋರಿಸುವುದು ಸುಲಭ. ಆಗದೇ ಇದ್ದದ್ದನ್ನು ಯಾರು ಮೊದಲೇ ಬರೆಯಬಲ್ಲರು?

ದಾವೆ ಹೂಡಿದ ದಿನದ ಸ್ಥಿತಿಯನ್ನೇ ಹಿಡಿದು ಕೋರ್ಟು ಕೂರಬೇಕಾಗಿಲ್ಲ, ಆಮೇಲೆ ನಡೆದದ್ದನ್ನೂ ಗಣನೆಗೆ ತೆಗೆದುಕೊಳ್ಳಬಹುದು ಎಂದು 1975ರಲ್ಲೇ ಸುಪ್ರೀಂ ಕೋರ್ಟು ಪಸುಪುಲೇಟಿ ವೆಂಕಟೇಶ್ವರಲು ಪ್ರಕರಣದಲ್ಲಿ ಹೇಳಿದೆ. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಅಲ್ಲಿದ್ದದ್ದು ಅಂಗಡಿ ಬಿಡಿಸಿಕೊಡಿ ಎಂದ ಮಾಲೀಕನ ಕೇಸು. ನಂತರದ ಘಟನೆ ಅವನಿಗೇ ಎದುರಾಯಿತು. ತತ್ವ ಮಾತ್ರ ಎರಡೂ ಕಡೆಗೆ ಸಲ್ಲುತ್ತದೆ.

ನಾವು ತಿದ್ದುಪಡಿ ಅರ್ಜಿಯ ಜೊತೆಗೇ 26ನೇ ಆದೇಶದ ಕೆಳಗೆ ಕೋರ್ಟ್ ಕಮಿಷನರ್ ನೇಮಕಕ್ಕೂ ಅರ್ಜಿ ಹಾಕಿದೆವು. ಕಮಿಷನರ್ ಆಗಿ ನೇಮಕವಾದ ವಕೀಲರು ಜಡಿಮಳೆಯಲ್ಲೇ ಸ್ಥಳಕ್ಕೆ ಬಂದರು. ಒಬ್ಬರು ಕೊಡೆ ಹಿಡಿದರೆ ಇನ್ನೊಬ್ಬರು ಟೇಪಿನ ತುದಿ ಹಿಡಿದರು. ಅಗಳದ ಅಗಲ, ಆಳ, ಮಣ್ಣು ಎತ್ತ ಕಡೆ ಹಾಕಿದ್ದಾರೆ, ಕಂಬದ ಬುಡದ ಕಾಂಕ್ರೀಟು ಹೊಸದೋ ಹಳೆಯದೋ, ಎಲ್ಲ ಬರೆದುಕೊಂಡರು. ನಾನು ಅವರಿಗೆ ತೋರಿಸಿದ್ದು ಇನ್ನೊಂದು. ಅಗಳದ ಆಚೆ, ಜರಿಗಿಡದ ಮರೆಯಲ್ಲಿ, ಹಳೆಯ ಉಣುಗೋಲಿನ ಎರಡು ಕಲ್ಲುಕಂಬ ನಿಂತಿದ್ದವು. ಒಂದೊಂದರಲ್ಲೂ ಗಳು ತೂರಿಸುವ ಮೂರು ತೂತು. ಗಳು ಎಳೆದು ಎಳೆದು ತೂತಿನ ಕೆಳಗಿನ ಅಂಚು ಬೆರಳಿಟ್ಟರೆ ಜಾರುವಷ್ಟು ನುಣುಪಾಗಿತ್ತು, ಮೇಲಿನ ಅಂಚಿನಲ್ಲಿ ಉಳಿಯ ಗುರುತು ಇನ್ನೂ ಒರಟಾಗಿಯೇ ಇತ್ತು. ಅಲ್ಲಿಂದ ಕೆಳಕ್ಕೆ ಜಂಬಿಟ್ಟಿಗೆಯ ಮೆಟ್ಟಿಲು, ನಡು ಸವೆದು ಗುಳಿ ಬಿದ್ದದ್ದು. ಕಮಿಷನರ್ ಅದನ್ನೂ ಅಳೆದು, ಫೋಟೊ ತೆಗೆದು ವರದಿಗೆ ಸೇರಿಸಿದರು. 1882ರ ಈಸ್‌ಮೆಂಟ್ ಅಧಿನಿಯಮದ 15ನೇ ಕಲಮಿನಂತೆ ದಾರಿಯ ಹಕ್ಕು ಹೇಳಬೇಕಾದರೆ 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕೆಂದು ಬಳಸಿದ್ದನ್ನು ಸಾಬೀತು ಮಾಡಬೇಕು. ಆ ಕಲ್ಲು ಗೌಡರ ಪರವಾಗಿ ನಾಲ್ಕು ಸಾಕ್ಷಿ ಹೇಳುವಷ್ಟು ಹೇಳಿತು.

ಮೆಮೊ ತಿರಸ್ಕೃತವಾಯಿತು, ತಿದ್ದುಪಡಿಗೆ ಅನುಮತಿ ಸಿಕ್ಕಿತು. ದಾವೆ ಈಗ ಸಾಕ್ಷಿಯ ಹಂತದಲ್ಲಿದೆ. ಪ್ರತಿ ಮಳೆಗಾಲಕ್ಕೆ ಪಂಪು, ಆಳು ದಾಟಲು ಅಗಳದ ಮೇಲೊಂದು ಸಂಕ (ಕಾಲುಸೇತುವೆ) ಹಾಕಿಕೊಳ್ಳುವುದಕ್ಕೆ ಮಧ್ಯಂತರ ಆದೇಶ ಇದೆ.

ಆ ಮೆಮೊಗೆ ನಾವು “ಆಯಿತು” ಅಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಇದು ನಮ್ಮ ಕಡೆಯ ಕಿರಿಯ ವಕೀಲರೂ ಗಮನಿಸಬೇಕಾದ ಮಾತು. ಅದೇ ನಿರ್ದಿಷ್ಟ ಪರಿಹಾರ ಅಧಿನಿಯಮದ 40ನೇ ಕಲಂ ಓದಿ. ನಿರ್ಬಂಧಕಾಜ್ಞೆಯ ಜೊತೆಗೆ ಅಥವಾ ಅದರ ಬದಲಿಗೆ ನಷ್ಟಪರಿಹಾರ ಕೇಳಬಹುದು. ದಾವಾಪತ್ರದಲ್ಲಿ ಕೇಳಿರಲೇಬೇಕು, ಕೇಳಿರದಿದ್ದರೆ ಯಾವ ಹಂತದಲ್ಲಾದರೂ ತಿದ್ದಿ ಸೇರಿಸಲು ಕೋರ್ಟು ಬಿಡುತ್ತದೆ. ಅದರ ಮೂರನೆಯ ಉಪಕಲಂ ಹೀಗಿದೆ: ಹೊಣೆಯ ಉಲ್ಲಂಘನೆಯನ್ನು ತಡೆಯಬೇಕೆಂದು ಹೂಡಿದ ದಾವೆ ವಜಾ ಆದರೆ, ಆ ಉಲ್ಲಂಘನೆಗೆ ನಷ್ಟಪರಿಹಾರ ಕೇಳಿ ಮತ್ತೆ ದಾವೆ ಹೂಡುವ ಹಕ್ಕು ಇರುವುದಿಲ್ಲ. ಅಂದರೆ “ಈಗ ಇದು ವಜಾ ಆಗಲಿ, ಕೊಳೆ ಬಂದು ಹೋದ ಅಡಿಕೆಗೆ ಆಮೇಲೆ ಬೇರೆ ಕೇಸು ಹಾಕೋಣ” ಅಂತ ಬಿಟ್ಟರೆ, ಮುಂದೆ ಎದುರಿನ ವಕೀಲರು ಈ ಉಪಕಲಮನ್ನೇ ಮುಂದಿಡುತ್ತಾರೆ. ಒಂದು ಮೆಮೊಗೆ ತಲೆಯಾಡಿಸಿದ್ದಕ್ಕೆ ಬೆಳೆಯೂ ಹೋಯಿತು, ಬೆಳೆಯ ಪರಿಹಾರ ಕೇಳುವ ಬಾಯಿಯೂ ಕಟ್ಟಿತು.

ತಡೆಯಾಜ್ಞೆ ಇದ್ದೂ ಕಟ್ಟಿದ್ದರೆ ಅದರ ಕತೆ ಇನ್ನೂ ಬೇರೆ. ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 2-ಎ ನಿಯಮ ಬರುತ್ತದೆ: ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು. ಕೆಲಸ ಪೂರ್ತಿಯಾಗಿದೆ ಎಂಬ ಮಾತು ಅಲ್ಲಿ ರಕ್ಷಣೆಗೆ ಬರುವುದಿಲ್ಲ, ಅದು ತಪ್ಪೊಪ್ಪಿಗೆಯೇ ಆಗುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ಊರೂರಲ್ಲಿ ಇದೆ. ಕೇಸು ನಡೆಯುತ್ತಿರುವಾಗ ಎದುರಿನವನು ಜಮೀನು ಮಾರಿಬಿಟ್ಟ, ಇನ್ನು ಕೇಸು ನಿಷ್ಫಲ ಎಂದು ಜನ ಕೈಚೆಲ್ಲುತ್ತಾರೆ. ಸ್ವತ್ತು ವರ್ಗಾವಣೆ ಅಧಿನಿಯಮದ 52ನೇ ಕಲಂ ಇರುವುದೇ ಇದಕ್ಕೆ. ದಾವೆ ನಡೆಯುವಾಗ ಕೊಂಡವನು ದಾವೆಯ ಫಲಿತಾಂಶಕ್ಕೆ ಕಟ್ಟುಬಿದ್ದೇ ಕೊಂಡಿರುತ್ತಾನೆ. ಪಹಣಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ನಿಮ್ಮ ದಾವೆ ಸಾಯುವುದಿಲ್ಲ.

ಬಗರ್‌ಹುಕುಂ ಅರ್ಜಿಗಳಲ್ಲಂತೂ ಈ ಗೊಂದಲ ಕಣ್ಣೀರು ತರಿಸುತ್ತದೆ. ನಮೂನೆ 50, 53, ಆಮೇಲೆ 2018ರ ತಿದ್ದುಪಡಿಯ ನಮೂನೆ 57, ಯಾವುದಾದರೂ ಒಂದರಲ್ಲಿ ಅರ್ಜಿ ಕೊಟ್ಟು ಕಾದಿರುವ ಕುಟುಂಬಗಳು ಮಲೆನಾಡಿನ ಪ್ರತಿ ಹೋಬಳಿಯಲ್ಲಿವೆ. ಅರ್ಜಿ ವಿಲೇವಾರಿ ಮಾಡಿ ಎಂದು ನಿರ್ದೇಶನ ಕೇಳಿ ಹೈಕೋರ್ಟಿಗೆ ರಿಟ್ ಹಾಕುತ್ತಾರೆ. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಸೇರಿಲ್ಲ, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕು. ರಿಟ್ ಇನ್ನೂ ಬಾಕಿ ಇರುವಾಗಲೇ ಇಲ್ಲಿ ಅರ್ಜಿ ತಿರಸ್ಕೃತವಾಗುತ್ತದೆ. ಸರ್ಕಾರಿ ವಕೀಲರು ಆ ಆದೇಶ ತೋರಿಸುತ್ತಾರೆ, ವಿಲೇವಾರಿ ಆಗಿರುವುದರಿಂದ ರಿಟ್ ನಿಷ್ಫಲವಾಗುತ್ತದೆ. ಅಷ್ಟು ಕೇಳಿದ್ದೇ ಹೈಕೋರ್ಟೇ ಜಮೀನಿಲ್ಲ ಅಂದುಬಿಟ್ಟಿತು ಅಂತ ಮನೆಯವರು ಕುಸಿದು ಕೂರುತ್ತಾರೆ. ಹೈಕೋರ್ಟು ಜಮೀನಿನ ಮಾತೇ ಎತ್ತಿರುವುದಿಲ್ಲ. ತಿರಸ್ಕಾರದ ಆದೇಶ ಒಂದು ಹೊಸ ಆದೇಶ. ಅದನ್ನು ಅದರದೇ ಅವಧಿಯೊಳಗೆ ಬೇರೆಯಾಗಿ ಪ್ರಶ್ನಿಸಬೇಕು. ಎಷ್ಟೋ ಮನೆಗಳಲ್ಲಿ ಆ ಅವಧಿ ಅಳುತ್ತಾ ಕೂತದ್ದರಲ್ಲೇ ಕಳೆದುಹೋಗುತ್ತದೆ.

ಕಾನೂನು ಬದಲಾಗಿ ಕೇಸುಗಳು ಒಟ್ಟೊಟ್ಟಿಗೆ ಬಿದ್ದುಹೋಗುವುದೂ ಉಂಟು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79-ಎ, 79-ಬಿ ಕಲಂಗಳನ್ನು ತೆಗೆದಾಗ, ಕೃಷಿಕರಲ್ಲದವರು ಜಮೀನು ಕೊಂಡರು ಎಂದು ನಡೆಯುತ್ತಿದ್ದ ಪ್ರಕರಣಗಳು ಕೊನೆಗೊಂಡವು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಜಿಲ್ಲೆ ಇದು. ಇಲ್ಲಿ ಕೂತು ಆ ತಿದ್ದುಪಡಿ ಓದುವಾಗ ನನಗೆ ಸಮಾಧಾನವಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಬೇರೆ ಚರ್ಚೆ.

ಈಗ ಕರ್ನಾಟಕದವರೆಲ್ಲ ಹೆಸರು ಕೇಳಿರುವ ಒಂದು ಕೇಸಿಗೆ ಬರುತ್ತೇನೆ. ನಿಷ್ಫಲ ಎಂಬ ಮಾತನ್ನು ಅದರಷ್ಟು ಆಳವಾಗಿ ಕಲಿಸಿದ ಕೇಸು ನನ್ನ ಮಟ್ಟಿಗೆ ಇನ್ನೊಂದಿಲ್ಲ.

1989ರ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು ಸಂವಿಧಾನದ 356ನೇ ವಿಧಿಯ ಕೆಳಗೆ, ರಾಷ್ಟ್ರಪತಿ ಆಳ್ವಿಕೆ ಘೋಷಿಸಿ ವಜಾ ಮಾಡಿದರು. ವಿಧಾನಸಭೆಯಲ್ಲಿ ಬಹುಮತ ಸಾಬೀತು ಮಾಡುತ್ತೇನೆ ಎಂದು ಮುಖ್ಯಮಂತ್ರಿ ಹೇಳಿದರೂ ರಾಜ್ಯಪಾಲರು ಅವಕಾಶ ಕೊಡಲಿಲ್ಲ. ಬೊಮ್ಮಾಯಿ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿಗೆ ಹೋದರು. ಅದೇ ವರ್ಷ ನವೆಂಬರಿನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಗೆದ್ದು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಆಮೇಲೆ ಬಂಗಾರಪ್ಪನವರು, ನಮ್ಮ ಸೊರಬದವರು. ಅವರ ನಂತರ ವೀರಪ್ಪ ಮೊಯ್ಲಿ. ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ರಂದು. ಬೊಮ್ಮಾಯಿಯವರಿಗೆ ಕೊಡಲು ಕುರ್ಚಿ ಎಲ್ಲಿ ಉಳಿದಿತ್ತು? ಆ ಅರ್ಥದಲ್ಲಿ ನೋಡಿದರೆ ಅವರ ಅರ್ಜಿ ಪೂರ್ತಿ ನಿಷ್ಫಲ.

ಪೀಠ ಹಾಗೆ ಒಂದೇ ಸಾಲಿನಲ್ಲಿ ಮುಗಿಸಬಹುದಾಗಿತ್ತು, ಮುಗಿಸಲಿಲ್ಲ. ಕರ್ನಾಟಕದ ಆ ಘೋಷಣೆ ಅಸಾಂವಿಧಾನಿಕ ಎಂದು ಹೇಳಿತು. ಹೊಸ ಚುನಾವಣೆ ಆಗಿ ಹೋಗಿರುವುದರಿಂದ ಪರಿಹಾರ ಕೊಡಲಾಗದು ಎಂದೂ ಹೇಳಿತು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂಬ ನಿಯಮ ಗಟ್ಟಿಯಾದದ್ದು ಅಲ್ಲಿ. ಇನ್ನೊಂದು ಮಾತನ್ನೂ ಅದೇ ತೀರ್ಪು ಹೇಳಿತು, ನಾನು ಇಷ್ಟು ಹೊತ್ತು ಬರೆದದ್ದರ ಬೇರು ಅದರಲ್ಲೇ ಇದೆ. ಮುಂದೆ ಇಂಥ ಅರ್ಜಿ ಬಂದಾಗ, ತೀರ್ಪು ಬರುವುದರೊಳಗೆ ಎಲ್ಲ ಮುಗಿದುಹೋಗಿ ನ್ಯಾಯಾಂಗ ಪರಿಶೀಲನೆಯೇ ವ್ಯರ್ಥವಾಗದಂತೆ, ತಕ್ಕ ಪ್ರಕರಣದಲ್ಲಿ ಹೊಸ ಚುನಾವಣೆಯನ್ನು ಮಧ್ಯಂತರ ಆಜ್ಞೆಯಿಂದ ತಡೆಯುವ ಅಧಿಕಾರ ಕೋರ್ಟಿಗೆ ಇದೆ. 2016ರಲ್ಲಿ ಅರುಣಾಚಲ ಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ, 2015ರ ಡಿಸೆಂಬರ್ 15ರ ಸ್ಥಿತಿಯನ್ನು ಮರಳಿಸಿ, ಹಳೆಯ ಸರ್ಕಾರವನ್ನು ಕೂರಿಸಿತು.

ಮುಖ್ಯಮಂತ್ರಿಯ ಕುರ್ಚಿಗೆ ಯಾವ ನ್ಯಾಯವೋ ಗೌಡರ ಕಾಲುದಾರಿಗೂ ಅದೇ ನ್ಯಾಯ. ಕೇಸಿನ ಕೊನೆಯಲ್ಲಿ ಕೊಡಬೇಕಾದ್ದು ಕೊನೆಯವರೆಗೂ ಉಳಿದಿರುವಂತೆ ನೋಡಿಕೊಳ್ಳುವುದು ಕೋರ್ಟಿನ ಕೆಲಸ. ಅದನ್ನು ಮೊದಲ ದಿನವೇ ಕೇಳುವುದು ನಮ್ಮ ಕೆಲಸ. ದಾವೆಯ ಜೊತೆಗೇ ತಾತ್ಕಾಲಿಕ ನಿರ್ಬಂಧಕಾಜ್ಞೆಯ ಅರ್ಜಿ ಹಾಕಿ. ತಡವಾದರೆ ಉದ್ದೇಶವೇ ಕೆಡುತ್ತದೆ ಎಂದು ತೋರಿಸಿದರೆ ಎದುರಿನವರಿಗೆ ನೋಟಿಸು ಕೊಡುವ ಮುಂಚೆಯೇ ಆಜ್ಞೆ ಕೊಡಲು 39ನೇ ಆದೇಶದ 3ನೇ ನಿಯಮದಲ್ಲಿ ಅವಕಾಶವಿದೆ. ಸರ್ಕಾರದ ಮೇಲೆ ದಾವೆಯಾದರೆ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸು ಕೊಡಬೇಕು ನಿಜ, ಆದರೆ ತುರ್ತು ಇದ್ದಾಗ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆ ಹೂಡಲು ಅದೇ ಕಲಮಿನ ಎರಡನೆಯ ಉಪಕಲಂ ಬಿಡುತ್ತದೆ. ನೋಟಿಸಿನ ಅವಧಿ ಮುಗಿಯುವುದನ್ನೇ ಕಾಯುತ್ತಾ ಕೂತು, ಅಷ್ಟರಲ್ಲಿ ಶೆಡ್ಡು ನೆಲಸಮವಾದ ಮನೆಗಳು ನನಗೆ ಗೊತ್ತು.

ನಿಷ್ಫಲ ಎಂದು ಹೇಳುವುದು ಕೋರ್ಟಿನ ಕರ್ತವ್ಯವೂ ಆಗಿರುವ ಸಂದರ್ಭಗಳಿವೆ ಎಂಬುದನ್ನೂ ಒಪ್ಪಬೇಕು. 2004ರ ಶಿಪ್ಪಿಂಗ್ ಕಾರ್ಪೊರೇಷನ್ – ಮಚಾಡೊ ಬ್ರದರ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಅದನ್ನೇ. ಅಲ್ಲಿ ಮೊದಲ ನೋಟಿಸನ್ನು ಪ್ರಶ್ನಿಸಿ ದಾವೆ ಹೂಡಿ ತಡೆಯಾಜ್ಞೆ ಪಡೆದಿದ್ದರು. ಆಮೇಲೆ ಎರಡನೆಯ ನೋಟಿಸು ಬಂದು ಅದಕ್ಕೆ ಬೇರೆ ದಾವೆ ನಡೆಯುತ್ತಿತ್ತು. ಆದರೂ ಮೊದಲ ದಾವೆಯ ತಡೆಯಾಜ್ಞೆ ಹಿಡಿದುಕೊಂಡೇ ಇದ್ದರು. ಜೀವವಿಲ್ಲದ ದಾವೆಯನ್ನು ತಡೆಯಾಜ್ಞೆಯ ಆಸೆಗೆ ಉಳಿಸಿಕೊಳ್ಳುವಂತಿಲ್ಲ, ಸಂಹಿತೆಯ 151ನೇ ಕಲಮಿನ ಅಂತರ್ಗತ ಅಧಿಕಾರದಿಂದ ಅದನ್ನು ಮುಗಿಸಬಹುದು ಎಂದಿತು ಕೋರ್ಟು. ಸರಿಯಾದ ಮಾತು. ಹಾಗೆ ಎಳೆದಾಡುವವರು ನಮ್ಮಲ್ಲೂ ಇದ್ದಾರೆ.

ಹಾಗಾಗಿ ನಿಮ್ಮ ಕೇಸು ನಿಜವಾಗಿಯೂ ನಿಷ್ಫಲವಾಗಿದ್ದರೆ ಹಟ ಬೇಡ. ಆದರೆ ಆ ಪದದ ಮುಂದೆ ಕೋರ್ಟು ಏನು ಬರೆಯುತ್ತದೆ ಎಂಬುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ವಿದ್ಯಾರ್ಥಿಯೊಬ್ಬಳ ಉದಾಹರಣೆ ಕೊಡುತ್ತೇನೆ. ಹಾಜರಾತಿ ಕಡಿಮೆ ಎಂದು ಹಾಲ್ ಟಿಕೆಟ್ ಕೊಡಲಿಲ್ಲ. ಹೈಕೋರ್ಟಿನ ಮಧ್ಯಂತರ ಆದೇಶದಿಂದ ಪರೀಕ್ಷೆ ಬರೆದಳು. ಪರೀಕ್ಷೆ ಮುಗಿಯಿತಲ್ಲ, ಇನ್ನು ಅರ್ಜಿ ನಿಷ್ಫಲ ಎಂದು ಎದುರಿನವರು ಹೇಳಿದಾಗ ತಂದೆತಾಯಿಗೆ ಸಂತೋಷವೇ ಆಯಿತು, ಹೇಗೂ ಬರೆದಾಯಿತಲ್ಲ ಎಂದು. ಅಲ್ಲೇ ಅಪಾಯ ಇರುವುದು. ಮುಖ್ಯ ಅರ್ಜಿ ಕೊನೆಗೊಂಡರೆ ಮಧ್ಯಂತರ ಆದೇಶವೂ ಅದರ ಜೊತೆಗೇ ಕೊನೆ. ಕೇಸು ಬಾಕಿ ಇತ್ತು ಎಂಬ ಕಾರಣಕ್ಕೆ ಯಾರಿಗೂ ಲಾಭ ಉಳಿಯಬಾರದು ಎಂದು ಸುಪ್ರೀಂ ಕೋರ್ಟು 2010ರ ಕಲಾಭಾರತಿ ಪ್ರಕರಣದಲ್ಲಿ ಹೇಳಿದೆ. ಆಮೇಲೆ ಫಲಿತಾಂಶ ತಡೆಹಿಡಿದರೆ ಹುಡುಗಿಯ ಕೈಯಲ್ಲಿ ತೋರಿಸಲು ಏನಿರುತ್ತದೆ? ಬೆಂಗಳೂರಿನ ವಕೀಲರಿಗೆ ಫೋನು ಮಾಡಿ, ಫಲಿತಾಂಶ ಪ್ರಕಟಿಸಬೇಕು ಎಂಬ ಸಾಲು ಅಂತಿಮ ಆದೇಶದಲ್ಲೇ ಬರುವಂತೆ ಕೇಳಿಕೊಳ್ಳಿ ಎಂದೆ. ಬಂತು. ಅವಳೀಗ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಾಳೆ.

ಅದೇ ರೀತಿ ‘ಎಲ್ಲ ವಾದಗಳನ್ನು ಮುಕ್ತವಾಗಿ ಇಡಲಾಗಿದೆ’, ‘ಹೊಸ ಆದೇಶವನ್ನು ಪ್ರಶ್ನಿಸಲು ಅರ್ಜಿದಾರರಿಗೆ ಸ್ವಾತಂತ್ರ್ಯವಿದೆ’ ಎಂಬ ಸಾಲುಗಳನ್ನು ಕೇಳಿ ಬರೆಸಿಕೊಳ್ಳಬೇಕು. ಕೇಳಿದರೆ ನ್ಯಾಯಾಧೀಶರು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ನೀವು ಮಧ್ಯಂತರ ಆದೇಶದಿಂದ ನಷ್ಟಪಟ್ಟವರಾಗಿದ್ದರೆ, ಆ ನಷ್ಟ ತುಂಬಿಸಿಕೊಡುವ ಮಾತನ್ನು ಆವತ್ತೇ ಎತ್ತಿ. ಕೋರ್ಟಿನ ಆಜ್ಞೆಯಿಂದ ಒಬ್ಬನಿಗೆ ಸಿಕ್ಕ ಅನುಚಿತ ಲಾಭವನ್ನು ವಾಪಸ್ ಕೊಡಿಸುವ ತತ್ವ ಸಂಹಿತೆಯ 144ನೇ ಕಲಮಿಗಷ್ಟೇ ಸೀಮಿತವಲ್ಲ ಎಂದು 2003ರ ಸೌತ್ ಈಸ್ಟರ್ನ್ ಕೋಲ್‌ಫೀಲ್ಡ್ಸ್ ತೀರ್ಪು ಹೇಳುತ್ತದೆ. ರಾಜಿ ಆಗುವ ಹಾಗಿದ್ದರೆ ನಿಷ್ಫಲ ಅನ್ನಿಸಿಕೊಳ್ಳುವ ಬದಲು ಲೋಕ ಅದಾಲತ್ತಿಗೆ ಕಳಿಸಿ ಎಂದು ಕೇಳಿ. ಅಲ್ಲಿ ಆದ ರಾಜಿ ಡಿಕ್ರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಬಲ ಇರುತ್ತದೆ, ಕಟ್ಟಿದ ಕೋರ್ಟ್ ಫೀಯೂ ವಾಪಸ್ ಬರುತ್ತದೆ.

ಆ್ಯಪಿನಲ್ಲಿ ಕಂಡ ಒಂದು ಸಾಲನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಪೂರ್ತಿ ಆದೇಶ ಓದಿಸಿ ಕೇಳಿ. ಮೇಲ್ಮನವಿಯೋ, ರಿವಿಷನ್ನೋ, ರಿಟ್ಟೋ ಎಂಬುದು ಆ ಆದೇಶದ ಸ್ವರೂಪ ನೋಡಿ ವಕೀಲರು ಹೇಳಬೇಕು. ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಯಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ಆದೇಶ ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಅವಧಿಯ ಲೆಕ್ಕದಿಂದ ಬಿಡುತ್ತಾರೆ, ಅರ್ಜಿ ಹಾಕದೆ ಕಳೆದ ದಿನಗಳನ್ನು ಬಿಡುವುದಿಲ್ಲ.